ಸಮುದ್ರದ ಮರಳಿನ ಹೊಟೇಲು

"ನೀವು ಹೋಗಿ ಎಲ್ಲಾ ನೋಡಿ ಬರ್ರಿ. ಬಂದು ಬ್ಯಾಡ ಅನ್ರಿ," ಎಂದರು ಹಿರಿಯ ಸಾಹುಕಾರರು.

ಸಾಂಗ್ಲಿಯ ಪಕ್ಕದ ಕುಪವಾಡ ಎಂಐಡಿಸಿಯಲ್ಲಿ, ಅಂದರೆ ಕೈಗಾರಿಕಾ ವಸಾಹತಿನಲ್ಲಿ, ಅವರದು ಪಂಪಿನ ಬಿಡಿಭಾಗಗಳನ್ನು ಎರಕ ಹೊಯ್ಯುವ ಕಾರ್ಖಾನೆ. ಹೊರಗೆ ಶೆಡ್ಡಿನಲ್ಲಿ ಕುಲುಮೆಯ ಕಾವಿಗೆ ಕೆಲಸಗಾರರು ಬನಿಯನ್ ಕಳಚಿ ನಿಂತಿದ್ದರೆ, ಸಾಹುಕಾರರ ಗಾಜಿನ ಕೋಣೆಯಲ್ಲಿ ಏಸಿ ಎಷ್ಟು ಜೋರಾಗಿತ್ತೆಂದರೆ ಅವರು ಸ್ವೆಟರ್ ಹಾಕಿಕೊಂಡು ಕೂತಿದ್ದರು. ಆ ವರ್ಷಗಳಲ್ಲಿ ಸಾಂಗ್ಲಿಯಲ್ಲಿ ಹೊಸದಾಗಿ ದುಡ್ಡು ಕಂಡವರೆಲ್ಲ ಮಾಡುತ್ತಿದ್ದದ್ದು ಅದನ್ನೇ: ಮೊದಲು ಏಸಿ ಹಾಕಿಸುವುದು, ಆಮೇಲೆ ಅದರ ಚಳಿಗೆ ಸ್ವೆಟರ್ ಕೊಳ್ಳುವುದು.

ಹೊಟೇಲು ಕೊಳ್ಳಬೇಕೆಂದವರ ಪರವಾಗಿ ಅದನ್ನು ನೋಡಿ, ತೂಗಿ, ಕೊಳ್ಳಬಹುದೋ ಬಾರದೋ ಹೇಳುವುದು ಆಗ ನನ್ನ ಕಸುಬು. ಮುಂಬೈಯ ದೊಡ್ಡ ಹೊಟೇಲುಗಳಲ್ಲಿ ಕಲಿತದ್ದನ್ನು ಮಿರಜದಲ್ಲಿ ಕೂತು ಮಾರುತ್ತಿದ್ದೆ. ಗಿರಾಕಿಗಳಿಗೆ ಬರವಿರಲಿಲ್ಲ. ಪೆಟ್ರೋಲ್ ಪಂಪಿನವರು, ಅರಿಷಿಣದ ದಲಾಲರು, ಸಕ್ಕರೆ ಕಾರ್ಖಾನೆಗೆ ಲಾರಿ ಓಡಿಸುವವರು, ಎಲ್ಲರಿಗೂ ಹೊಟೇಲು ಬೇಕಾಗಿತ್ತು. ಅದರಲ್ಲೂ ಸಮುದ್ರದ ದಂಡೆಯಲ್ಲಿ ಬೇಕಾಗಿತ್ತು. ಕರಾವಳಿಗೆ ರೈಲು ಬರುತ್ತದೆ ಎಂಬ ಸುದ್ದಿ ಹಬ್ಬಿ, ಕೊಂಕಣದಲ್ಲಿ ತೆಂಗಿನಮರಕ್ಕೊಂದು ಲಾಡ್ಜ್ ಎದ್ದಿತ್ತು. ಕೃಷ್ಣಾ ನದಿಯ ಮಹಾಪೂರ ಬಿಟ್ಟರೆ ದೊಡ್ಡ ನೀರನ್ನೇ ನೋಡದ ನಮ್ಮವರು ಒಮ್ಮೆ ಗೋವೆಗೆ ಹೋಗಿ ಬಂದು, ಸಮುದ್ರವೆಂದರೆ ದುಡ್ಡು ಎಂದು ತಿಳಿದುಕೊಂಡುಬಿಟ್ಟಿದ್ದರು.

ಈ ಸಲ ಹಾಗೆ ತಿಳಿದುಕೊಂಡವನು ಸಾಹುಕಾರರ ತಮ್ಮ. ಮನೆ ಇನ್ನೂ ಪಾಲಾಗಿರಲಿಲ್ಲ. ಜೈನ ಕೂಡುಕುಟುಂಬ, ತಂದೆ ತೀರಿಕೊಂಡ ಮೇಲೆ ಎಲ್ಲ ಹಿರಿಯರ ಕೈಯಲ್ಲೇ ಇತ್ತು. ತಮ್ಮ ಅದಕ್ಕೆ ಮೊದಲು ವಿಡಿಯೋ ಪಾರ್ಲರ್ ತೆಗೆದಿದ್ದ. ಮನೆಮನೆಗೆ ಕೇಬಲ್ ಬಂದು ಅದು ಮುಚ್ಚಿತು. ಎಸ್‌ಟಿಡಿ ಬೂತ್ ತೆಗೆದ. ಅದೇ ಸಾಲಿನಲ್ಲಿ ಇನ್ನೂ ಮೂರ್ನಾಲ್ಕು ಬೂತ್ ಎದ್ದವು. ಆಮೇಲೆ ಕೈಗಾಡಿಯ ಮೇಲೆ ಚೈನೀಸ್ ಮಾಡಿಸಿ ಮಾರಿದ. ಅದನ್ನು ತಿಂದವರು ಎರಡನೆಯ ಸಲ ಬರಲಿಲ್ಲ. ಈಗ ಕೊಂಕಣದ ಕಡಲ ದಂಡೆಯ ಊರೊಂದರಲ್ಲಿ ಮಾರಾಟಕ್ಕಿದ್ದ ಹೊಟೇಲೊಂದನ್ನು ನೋಡಿ ಬಂದಿದ್ದ. ಅದನ್ನು ತನ್ನ ಪಾಲಿಗೆ ಕೊಡಿಸಿದರೆ ಬೇರೆ ಏನೂ ಕೇಳುವುದಿಲ್ಲವೆಂದು ಹಟ ಹಿಡಿದಿದ್ದ.

"ನೋಡಿದ ಮ್ಯಾಲೆ ಹೇಳ್ತೀನ್ರಿ," ಎಂದೆ.

ಸಾಹುಕಾರರು ನಕ್ಕರು. "ನೋಡಿದ್ರೂ ಅದನ್ನ ಹೇಳ್ತೀರಿ. ನಮ್ಮ ತಮ್ಮ ಆರಿಸ್ಯಾನ ಅಂದಮ್ಯಾಲೆ ಅದು ಛಲೋ ಇರಾಕ ಸಾಧ್ಯನ ಇಲ್ಲ."

ಒಡಹುಟ್ಟಿದವನ ಬಗ್ಗೆ ಹೀಗೆ ಮಾತಾಡುವ ಮನುಷ್ಯನನ್ನು ಕಂಡು ನನಗೆ ಮೈ ಉರಿಯಿತು. ಆದರೆ ಮಾತು ಸುಳ್ಳಲ್ಲ ಎಂದೂ ಅನ್ನಿಸಿತು.

ಹೊರಟದ್ದು ಚಳಿಗಾಲದ ಒಂದು ಬೆಳಿಗ್ಗೆ, ತಮ್ಮನಿಗೆಂದು ಕಾರ್ಖಾನೆಯ ಲೆಕ್ಕದಲ್ಲಿ ಕೊಂಡಿದ್ದ ಹೊಸ ಬಿಳಿ ಕಾರಿನಲ್ಲಿ. ಸೀಟುಗಳ ಪ್ಲಾಸ್ಟಿಕ್ ಕವರನ್ನು ಅವನಿನ್ನೂ ತೆಗೆದಿರಲಿಲ್ಲ. ಕೊಲ್ಹಾಪುರ ದಾಟಿ ಘಾಟ್ ಇಳಿಯುವಷ್ಟರಲ್ಲಿ ನನ್ನ ಬೆನ್ನು ಅದಕ್ಕೆ ಅಂಟಿಕೊಂಡಿತ್ತು. ಹಿಂದಿನ ಸೀಟಿನಲ್ಲಿ ಅವನ ಹೆಂಡತಿ ತೊಡೆಯ ಮೇಲೆ ಬುತ್ತಿಯ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಬೆಳಗಾವಿ ಕಡೆಯ ಹೆಣ್ಣುಮಗಳು. ನಮ್ಮಲ್ಲಿ ರೂಢಿಯಿದ್ದಂತೆ ನಾನು ಅವರನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆದೆ.

"ಲೋಕೇಶನ್ ಏಕದಂ ಭಾರಿ ಐತಿ ಸರ್," ಎಂದ ತಮ್ಮ. "ಬಾಗಲಾ ತಗದ್ರ ಸಮುದ್ರ. ಫಾರಿನ್ ಮಂದಿ ಬರ್ತಾರಂತ."

"ನೀವು ನೋಡೀರೇನು ಫಾರಿನ್ ಮಂದೀನ?"

"ನಾ ಹೋದಾಗ ಇರಲಿಲ್ಲ. ಮಾಲಕ ಹೇಳ್ಯಾನ."

ಬಾಗಿಲು ತೆಗೆದರೆ ಕಂಡದ್ದು ಮಂಜುಗಡ್ಡೆ ಕಾರ್ಖಾನೆಯ ಹಿಂಗೋಡೆ. ಹೊಟೇಲಿನ ಹೆಸರಿನಲ್ಲಿ ಸಮುದ್ರವಿತ್ತು, ಬೋರ್ಡಿನ ಮೇಲೆ ಈಜುಡುಗೆ ತೊಟ್ಟ ಬಿಳಿಯ ಹೆಂಗಸಿನ ಚಿತ್ರವಿತ್ತು. ಕಿಟಕಿಯಲ್ಲಿ ಮಾತ್ರ ಸಮುದ್ರವಿರಲಿಲ್ಲ. ಮೂಲೆಯ ಒಂದು ಕೋಣೆಯ ಬಾಲ್ಕನಿಯಿಂದ ಕತ್ತು ಹೊರಳಿಸಿ ನೋಡಿದರೆ ಎರಡು ಗೋಡೆಗಳ ನಡುವೆ ನೀರಿನದೊಂದು ಸೀಳು ಕಾಣುತ್ತಿತ್ತು. ಆ ಕೋಣೆಗೆ ಬಾಡಿಗೆ ಹೆಚ್ಚು.

ಮಾಲಕ ಗಟ್ಟಿಯಾಗಿ ಕೈ ಕುಲುಕಿದ. ತೆಳ್ಳಗಿನ ಆಸಾಮಿ, ಅತ್ತರಿನ ವಾಸನೆ, ಮಾತೆಲ್ಲ ಮರಾಠಿ. ಕೋಣೆಗಳು ಬಹುತೇಕ ಭರ್ತಿ ಎಂದ. ನಮಗಾಗಿಯೇ ಕಷ್ಟಪಟ್ಟು ಎರಡನ್ನು ಖಾಲಿ ಇರಿಸಿದ್ದಾನಂತೆ. ಮೇಲೆ ನೋಡಿದರೆ ಪ್ರತಿ ಬಾಲ್ಕನಿಯಲ್ಲೂ ಒಂದೊಂದು ಟವೆಲ್ ತೂಗುತ್ತಿತ್ತು. ತಮ್ಮ ನನ್ನ ಕಡೆಗೆ ಕಣ್ಣು ಹೊಡೆದು, "ನೋಡ್ರಿ, ಫುಲ್," ಎಂದ.

ಜೈನರು ಹೊತ್ತು ಮುಳುಗುವುದರೊಳಗೆ ಉಣ್ಣಬೇಕು. ಹೀಗಾಗಿ ಕೈಕಾಲು ತೊಳೆದು ನೇರ ಕೆಳಗಿನ ರೆಸ್ಟೊರೆಂಟಿಗೆ ಹೋದೆವು. ಅದು ಮಾಲಕನ ಹೆಮ್ಮೆ. ಹೊಸದಾಗಿ ಥರ್ಮೋಕೋಲಿನ ಚೌಕಗಳನ್ನು ಜೋಡಿಸಿ ಕಟ್ಟಿದ ಸುಳ್ಳು ಛಾವಣಿ, ಅದರೊಳಗೆ ಗುಲಾಬಿ ದೀಪ, ಒಂದು ಏಸಿ. ಮೆನು ಮದುವೆಯ ಆಲ್ಬಮ್ಮಿನಷ್ಟು ದಪ್ಪ: ಪಂಜಾಬಿ, ಚೈನೀಸ್, ಮಾಲ್ವಣಿ, ಸೌತ್ ಇಂಡಿಯನ್, ಕೊನೆಯಲ್ಲಿ 'ಜೈನ್ ಸ್ಪೆಶಲ್'. ಅಷ್ಟು ದಪ್ಪ ಮೆನು ಕಂಡರೆ ನಾನು ಯಾವಾಗಲೂ ಒಂದನ್ನೇ ಮಾಡುತ್ತೇನೆ. ಬೇರೆ ಬೇರೆ ಪುಟದಿಂದ ನಾಲ್ಕು ಪದಾರ್ಥ ತರಿಸಿ ಪಕ್ಕಪಕ್ಕದಲ್ಲಿ ಇಟ್ಟು ಚಮಚದಲ್ಲಿ ರಸವನ್ನಷ್ಟೇ ರುಚಿ ನೋಡುವುದು. ನಾಲ್ಕೂ ಒಂದೇ ಪಾತ್ರೆಯ ಕೆಂಪು ಗ್ರೇವಿ. ಒಂದಕ್ಕೆ ಕೆನೆ, ಒಂದಕ್ಕೆ ಖಾರದ ಪುಡಿ, ಒಂದಕ್ಕೆ ಸಕ್ಕರೆ. ಜೈನ್ ಸ್ಪೆಶಲ್‌ಗೆ ಏನೂ ಸೇರಿಸಿರಲಿಲ್ಲ, ಕಣ್ಣಿಗೆ ಕಂಡ ಈರುಳ್ಳಿಯನ್ನು ಆರಿಸಿ ತೆಗೆದಿದ್ದರು. ಕಾಣದೆ ಉಳಿದ ಚೂರೊಂದನ್ನು ವೈನಿ ಚಮಚದ ತುದಿಯಲ್ಲಿ ಎತ್ತಿ ತಟ್ಟೆಯ ಅಂಚಿಗೆ ಇಟ್ಟರು. ತಾವು ತಂದಿದ್ದ ಬುತ್ತಿಯ ಡಬ್ಬಿ ತೆರೆದು ಚಪಾತಿ, ಶೇಂಗಾ ಚಟ್ನಿ ತೆಗೆದು ಉಂಡರು. ಗಂಡ ನಾಲ್ಕೂ ಬಟ್ಟಲನ್ನು ಖಾಲಿ ಮಾಡಿ, "ಟೇಸ್ಟ್ ಭಾರಿ ಐತಲ್ರಿ ಸರ್," ಎಂದ.

ಮರುದಿನ ಬೆಳಿಗ್ಗೆ ಕೆಲಸ ಶುರು ಮಾಡಿದೆ. ಹೊಟೇಲು ನೋಡುವ ನನ್ನ ಪದ್ಧತಿ ಹಿಂದಿನಿಂದ ಮುಂದಕ್ಕೆ. ರಿಸೆಪ್ಶನ್ ನೋಡಿ ತೀರ್ಪು ಕೊಡುವವನು ಸೀರೆ ನೋಡಿ ಸಂಬಂಧ ಮಾಡುವವನಷ್ಟೇ ಜಾಣ. ನನ್ನ ಚೀಲದಲ್ಲಿ ಒಂದು ಟಾರ್ಚ್, ಒಂದು ಸಣ್ಣ ಸುತ್ತಿಗೆ, ಒಂದು ತುಂಡು ಬಟ್ಟೆ ಸಾಬೂನು ಇರುತ್ತಿದ್ದವು. ಸಾಬೂನು ನೀರಿಗೆ. ಮೇಲಿನ ಮಹಡಿಯ ನಲ್ಲಿಯಿಂದ ಬಕೆಟ್ ತುಂಬಿಸಿ ಕೈಗೆ ಉಜ್ಜಿದೆ. ನೊರೆ ಬರಲಿಲ್ಲ, ಒಡೆದ ಹಾಲಿನಂತೆ ಬೆಳ್ಳಗಿನ ಚೂರುಗಳು ತೇಲಿದವು. ಬಾವಿ ಉಪ್ಪಾಗಿತ್ತು. ಅಂಥ ನೀರಿನಲ್ಲಿ ಗೀಜರ್ ಒಂದು ವರ್ಷ ಬಾಳಿದರೆ ಹೆಚ್ಚು. ಹಾಸಿಗೆಯ ಚಾದರು ಎಷ್ಟು ಒಗೆದರೂ ಬೂದಿಬಣ್ಣ ಬಿಡುವುದಿಲ್ಲ.

ಆಮೇಲೆ ಟವೆಲ್‌ಗಳು. ಅವು ಹಿಂದಿನ ಸಂಜೆ ಇದ್ದ ಜಾಗದಲ್ಲಿ, ಹಿಂದಿನ ಸಂಜೆಯ ಮಡಿಕೆಯಲ್ಲೇ ಇದ್ದವು. ನನ್ನ ಪಕ್ಕದ ಬಾಲ್ಕನಿಯದನ್ನು ಕೈ ಚಾಚಿ ಮುಟ್ಟಿದೆ. ಹಪ್ಪಳದಂತೆ ಗಡುಸಾಗಿತ್ತು, ಮೇಲೆ ಧೂಳು. ಯಾರ ಮೈಯನ್ನೂ ಒರೆಸಿ ತಿಂಗಳುಗಳಾಗಿದ್ದವು. ಮನುಷ್ಯರನ್ನು ತಂದು ತುಂಬಿಸುವ ಖರ್ಚನ್ನು ಉಳಿಸಲು ಮಾಲಕ ಟವೆಲ್‌ಗಳನ್ನೇ ಗಿರಾಕಿ ಮಾಡಿದ್ದ. ಮೋಸದಲ್ಲೂ ಒಂದು ಶ್ರಮವಿರುತ್ತದೆ. ಈತನಿಗೆ ಅದೂ ಬೇಡವಾಗಿತ್ತು.

ಅಡುಗೆಮನೆಯ ನೆಲದ ಇಳಿಜಾರು ಹೊರಗಿನ ಮೋರಿಯ ಕಡೆಗಿರದೆ ಒಳಗಿನ ಗೋಡೆಯ ಕಡೆಗಿತ್ತು. ಒಂದೇ ಫ್ರೀಜರಿನಲ್ಲಿ ಪಾಪ್ಲೆಟ್ ಮೀನೂ ಪನೀರೂ ಒಂದರ ಮೇಲೊಂದು. ಹಿತ್ತಿಲು ಸಣ್ಣದು, ಬಾವಿಗೂ ಪಾಯಖಾನೆಯ ಇಂಗುಗುಂಡಿಗೂ ನಡುವೆ ಒಂದು ಬಾಳೆಗಿಡ ಇತ್ತು, ಅಷ್ಟೇ. ಆ ಬಾಳೆ ಮಾತ್ರ ಬಹಳ ಹುಲುಸಾಗಿ ಬೆಳೆದಿತ್ತು. ಇದನ್ನು ತೋರಿಸಿದಾಗ ಮಾಲಕ, ಸಮುದ್ರದ ಗಾಳಿಗೆ ಎಲ್ಲ ಶುದ್ಧವಾಗುತ್ತದೆ ಎಂದ. ತಮ್ಮ ತಲೆಯಾಡಿಸಿದ.

ಉಳಿದದ್ದು ತಾರಸಿ. ಅದರ ಬೀಗದಕೈ ಮುಂಬೈಯಲ್ಲಿದ್ದ ಭಾವನ ಹತ್ತಿರ ಹೋಗಿದೆ ಎಂದ ಮಾಲಕ. ಬೀಗ ಒಡೆಸಿ, ಹೊಸದು ನಾನು ಕೊಡಿಸುತ್ತೇನೆ ಎಂದೆ. ಭಾವ ಸಿಟ್ಟಾಗುತ್ತಾನೆ ಎಂದ. ಕಟ್ಟಡದ ಮೇಲ್ಭಾಗ ನೋಡದೆ ನಾನು ಏನನ್ನೂ ಹೇಳುವಂತಿರಲಿಲ್ಲ. ಅಷ್ಟರಲ್ಲಿ ಮಾಲಕ ಎಳನೀರು ಕುಡಿಸುವ ನೆಪದಲ್ಲಿ ತಮ್ಮನನ್ನು ಎಬ್ಬಿಸಿಕೊಂಡು ಹೋದ. ನಾನು ಕಾಲಾಡಿಸಲು ದಂಡೆಯ ಕಡೆಗೆ ನಡೆದೆ.

ವೈನಿ ಅಲ್ಲಿದ್ದರು. ತೆರೆ ಮುಟ್ಟದಷ್ಟು ದೂರದಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದರು.

"ಹೊಟೇಲ ಹ್ಯಾಂಗ ಐತಿ ಅನ್ನೂದು ನನಗೂ ಕಾಣಸ್ತೈತ್ರಿ ಸರ್," ಎಂದರು, ನಾನೇನೂ ಕೇಳದಿದ್ದರೂ.

"ಹಂಗಾದ್ರ ನಿಮ್ಮವರಿಗೆ ಹೇಳ್ರಿ ವೈನಿ."

"ಹೇಳೂದಿಲ್ಲ." ಚಪ್ಪಲಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. "ಇದು ಬ್ಯಾಡಾತು ಅಂದ್ರ ನಾವು ಮತ್ತ ಅದ ಮನ್ಯಾಗ. ಅಡಗಿಮನಿ ಕಪಾಟಿನ ಕೀಲಿನೂ ನಮ್ಮ ಭಾವನವರ ಕಡೆನ ಐತಿ. ಮಗಳ ಪೆನ್ಸಿಲಿಗೂ ಫ್ಯಾಕ್ಟರಿಗೆ ಫೋನ್ ಮಾಡಿ ಕೇಳಬೇಕು. ನೀವು ಹೂಂ ಅಂದ್ರ ನಮ್ಮ ಪಾಲು ಬ್ಯಾರೆ ಆಕ್ಕೈತಿ. ಹೊಟೇಲ ಹ್ಯಾಂಗರೆ ಇರಲಿ, ನಮಗ ಹೊರಗ ಬರೂದೈತಿ."

"ನಾಳೆ ಹೊಟೇಲ ಮುಳುಗಿದ್ರ?"

"ಆ ಮನ್ಯಾಗ ನಾವು ಈಗ ತೇಲಾಕತ್ತೇವೇನ್ರಿ?"

ನನ್ನ ಕಸುಬಿನಲ್ಲಿ ನೀರು, ಗೋಡೆ, ಗಿರಾಕಿ, ಋತು ಇವುಗಳಿಗೆ ಲೆಕ್ಕವಿದೆ. ಒಂದು ಮನೆಯಿಂದ ಹೊರಬೀಳುವುದಕ್ಕೆ ಎಷ್ಟು ಕೊಡಬಹುದು ಎಂಬುದಕ್ಕಿಲ್ಲ. "ನೋಡೋಣ್ರಿ," ಎಂದಷ್ಟೇ ಹೇಳಿ ಹಿಂತಿರುಗಿದೆ.

ಮಧ್ಯಾಹ್ನದ ಊಟಕ್ಕೆ ಮತ್ತೆ ಅದೇ ಗುಲಾಬಿ ಹಾಲ್. ಮಾಲಕ ಅಡುಗೆಮನೆಗೆ ಹೋಗಿದ್ದ. ತಲೆಯೆತ್ತಿ ನೋಡಿದೆ. ಏಸಿಯ ಮೇಲಿನ ಥರ್ಮೋಕೋಲ್ ಚೌಕದ ನಡು ಸ್ವಲ್ಪ ಕೆಳಗೆ ಜೋತಿತ್ತು, ಮೇಲೆ ಏನೋ ಭಾರವಿದ್ದ ಹಾಗೆ. ನೆಲ ಒರೆಸುವ ಕೋಲು ಮೂಲೆಯಲ್ಲಿತ್ತು. ಕುರ್ಚಿಯ ಮೇಲೆ ನಿಂತು ಆ ಕೋಲಿನಿಂದ ಚೌಕವನ್ನು ಮೇಲಕ್ಕೆ ನೂಕಿದೆ. ಅದು ಸರಿದ ಕೂಡಲೆ ಮುಷ್ಟಿಗಾತ್ರದ ಕಾಂಕ್ರೀಟ್ ತುಂಡು ಉರುಳಿಬಂದು ತಮ್ಮನ ತಟ್ಟೆಯ ಪಕ್ಕದಲ್ಲಿ ಬಿತ್ತು. ಅದರ ಹಿಂದೆ ಒಂದು ಹಿಡಿ ಮರಳು ಅವನ ಅನ್ನದ ಮೇಲೆ ಸುರಿಯಿತು.

ಟಾರ್ಚ್ ಬಿಟ್ಟು ನೋಡಿದೆ. ಸ್ಲ್ಯಾಬಿನ ಸರಳುಗಳು ಹೊರಗೆ ಬಂದು ಪದರಪದರವಾಗಿ ಉದುರುತ್ತಿದ್ದವು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಪೊಳ್ಳು ಸದ್ದು. ಕೆಳಗೆ ಬಿದ್ದಿದ್ದ ತುಂಡನ್ನು ಎತ್ತಿ ನೋಡಿದರೆ ಅದರಲ್ಲಿ ಚಿಪ್ಪಿನ ಚೂರುಗಳಿದ್ದವು. ಸಮುದ್ರದ ಮರಳನ್ನು ತೊಳೆಯದೆ ಕಾಂಕ್ರೀಟಿಗೆ ಬೆರೆಸಿದ್ದರು. ಅದರೊಳಗಿನ ಉಪ್ಪು ಸರಳನ್ನು ತಿನ್ನುತ್ತದೆ, ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಮೇಲೆ ಗಿಲಾವು ಮಾಡಿ ಮುಚ್ಚಬಹುದು, ನಿಲ್ಲಿಸಲಾಗುವುದಿಲ್ಲ. ನದಿಯ ಮರಳು ತರಿಸುವ ಲಾರಿಯ ಬಾಡಿಗೆ ಉಳಿಸಲು ಆ ಮನುಷ್ಯ ಇಡೀ ಕಟ್ಟಡವನ್ನೇ ಉಪ್ಪಿನಕಾಯಿ ಹಾಕಿದ್ದ.

ಮಾಲಕ ಬಂದು, ಛಾವಣಿ ಹಾಕಿದ ಗೌಂಡಿಯನ್ನು ಬೈಯತೊಡಗಿದ. ತಮ್ಮ ಅನ್ನದ ಮೇಲಿನ ಮರಳನ್ನು ಬೆರಳಿಂದ ಸರಿಸುತ್ತ, "ರಿಪೇರಿ ಮಾಡಿಸಿದ್ರ ಆತಲ್ರಿ ಸರ್," ಎಂದ. ವೈನಿ ಬಿದ್ದಿದ್ದ ತುಂಡನ್ನು ನೋಡುತ್ತ ಕೂತಿದ್ದರು.

ಸಾಂಗ್ಲಿಗೆ ಬಂದವನೇ ಹಿರಿಯ ಸಾಹುಕಾರರಿಗೆ ಎಲ್ಲವನ್ನೂ ಹೇಳಿದೆ: ಉಪ್ಪುನೀರು, ಇಂಗುಗುಂಡಿ, ಮಳೆಗಾಲವಿಡೀ ಮುಚ್ಚಿರಬೇಕಾದ ಬಾಗಿಲು, ಸ್ಲ್ಯಾಬು. ಕೊಳ್ಳಬಾರದು, ಬಾಡಿಗೆಗೂ ಹಿಡಿಯಬಾರದು. ಅವರು ನಾನು ಎಣಿಸಿದ್ದಕ್ಕಿಂತ ಹೆಚ್ಚು ಲಕ್ಷ್ಯಗೊಟ್ಟು ಕೇಳಿದರು. ಸ್ಲ್ಯಾಬಿನ ವಿಷಯವನ್ನು ಎರಡೆರಡು ಸಲ ಹೇಳಿಸಿದರು. ಯಾವ ಕಡೆ ಉದುರಿದೆ, ಮಾಲಕನ ಮುಖ ಹೇಗಾಯಿತು, ಬೇರೆ ಗಿರಾಕಿಗಳು ಯಾರಾದರೂ ಬಂದಿದ್ದರೇ ಎಂದೆಲ್ಲ ವಿಚಾರಿಸಿದರು. ತಮ್ಮನ ಮೇಲೆ ಒಳಗೊಳಗೆ ಕಾಳಜಿ ಇದ್ದೀತು ಎಂದುಕೊಂಡೆ. ಅಷ್ಟು ಒಳ್ಳೆಯ ಅಭಿಪ್ರಾಯ ಅವರ ಬಗ್ಗೆ ನನಗೆ ಬಂದದ್ದು ಅದೊಂದೇ ಸಲ.

ಕೆಲವು ವಾರ ಕಳೆದ ಮೇಲೆ ಮತ್ತೆ ಕುಪವಾಡಕ್ಕೆ ಕರೆಸಿದರು.

"ಬರ್ರಿ, ಕುಂದ್ರಿ. ಆ ಹೊಟೇಲ ತಗೋಳಾಕತ್ತೇನ್ರಿ. ಇಸಾರ ಕೊಟ್ಟಾತು," ಎಂದರು. ಇಸಾರವೆಂದರೆ ಮುಂಗಡ. ನಾನು ಅವರ ಮುಖವನ್ನೇ ನೋಡಿದೆ.

"ಅದು ಬೀಳೂ ಕಟ್ಟಡ ಅಂತ ಹೇಳಿದ್ನೆಲ್ರಿ."

"ಅದ ಉಪಯೋಗಕ್ಕ ಬಂತು. ನೀವು ಹೇಳಿದ್ದನ್ನ ಒಂದೊಂದ ಮಾಲಕನ ಮುಂದ ಇಟ್ಟೆ. ಹೊರಗ ಬ್ಯಾರೆ ಗಿರಾಕಿಗೆ ಹೇಳ್ತೇನಿ ಅಂದೆ. ಅರ್ಧಕ್ಕ ಇಳದ." ಅವರು ಸ್ವೆಟರಿನ ಗುಂಡಿ ಹಾಕಿಕೊಂಡರು. "ಈಗ ಮನಿ ಪಾಲಾಗಲಿ. ತಮ್ಮಗ ಹೊಟೇಲ ಬೇಕಲ್ಲಾ, ಕೊಡೂಣು. ಪೂರಾ ಬೆಲೆಗೆ ಅವನ ಪಾಲಿಗೆ ಹಿಡಿಯೂದು. ಫ್ಯಾಕ್ಟರಿ, ಗೋಡೌನು, ಹೊಲ ಈ ಕಡೆ."

"ಅಂದ್ರ ಅವಗ ಬಿದ್ದಹೋಗೂದನ್ನ ಕೊಡ್ತೀರಿ."

"ಅವಗ ಏನ ಬೇಕೋ ಅದನ್ನ ಕೊಡ್ತೇನಿ. ತಪ್ಪೇನೈತ್ರಿ ಅದರಾಗ? ಹರಿಪುರದಾಗ ನಮ್ಮ ಕಾಕಾ ಅದಾರ. ಪಾಲು ಅವರ ಮುಂದನ ಆಗಬೇಕು. ಅವರಿಗೆ ಕಾಗದಾ ಪತ್ರ ಎಲ್ಲಾ ನಂಬಿಕಿಲ್ಲ. ನೋಡಿದ ಮನಷ್ಯಾ ಬಂದು ಬಾಯ್ಲೆ ಹೇಳಬೇಕು ಅಂತಾರ. ನೀವು ಬಂದು ಛಲೋ ಐತಿ ಅಂತ ಒಂದ ಮಾತ ಅನ್ರಿ, ಸಾಕು."

ಮೊದಲು ಬೇಡ ಅನ್ನಿ, ಈಗ ಹೂಂ ಅನ್ನಿ. ಎರಡು ಸಲವೂ ಉತ್ತರ ಅವರದು, ಬಾಯಿ ಮಾತ್ರ ನನ್ನದು. ಕಾರ್ಖಾನೆಯ ಕ್ಯಾಂಟೀನ್ ಮತ್ತು ಹೊಸ ಗೆಸ್ಟ್ ಹೌಸಿನ ಉಸ್ತುವಾರಿ ನನಗೇ ಎಂದೂ ಸೇರಿಸಿದರು. ಎಂಐಡಿಸಿಯ ಮಾಲಕರ ಸಂಘದಲ್ಲಿ ಅವರ ಮಾತಿಗೆ ತೂಕವಿತ್ತು. ಅದರ ಹಿಂದೆ ಇನ್ನೂ ಹತ್ತು ಕ್ಯಾಂಟೀನುಗಳು ಬರುವುದಿತ್ತು. ನಾನು ಈ ಮನುಷ್ಯನನ್ನು ಬರೀ ಒರಟ ಎಂದುಕೊಂಡಿದ್ದೆ. ಆ ಹೊಟೇಲಿನ ಮಾಲಕ ಟವೆಲ್ ತೂಗುಹಾಕಿ ಅಪರಿಚಿತರಿಗೆ ಮೋಸ ಮಾಡುತ್ತಿದ್ದ. ಈತ ನನ್ನನ್ನು ತೂಗುಹಾಕಿ ಸ್ವಂತ ತಮ್ಮನಿಗೆ ಮಾಡಲು ಹೊರಟಿದ್ದ. ಇಬ್ಬರಲ್ಲಿ ಮಾಲಕನೇ ಮೇಲು ಅನ್ನಿಸಿತು.

"ಯಾವಾಗ ಬರಬೇಕ್ರಿ?" ಎಂದು ಕೇಳಿ ಎದ್ದೆ.

ಮಿರಜದ ದಾರಿಯುದ್ದಕ್ಕೂ ಸ್ಕೂಟರಿನ ಮೇಲೆ ಯೋಚಿಸಿದೆ. ಹೋಗದೇ ಇರುವುದು ಎಲ್ಲಕ್ಕಿಂತ ಸುಲಭವಾಗಿತ್ತು. ಜ್ವರವೆಂದು ಹೇಳಿ ಮಲಗಬಹುದು, ಹೊಟೇಲಿನ ಬಗ್ಗೆ ಸುಳ್ಳು ಹೇಳಿದ ಹಾಗೂ ಆಗುವುದಿಲ್ಲ. ಆದರೆ ನಾನು ಹೋಗದಿದ್ದರೆ ಸಾಹುಕಾರರು, 'ಮುಂಬೈದಾಗ ಕಲತವರು ನೋಡಿ ಛಲೋ ಅಂದಾರ' ಎಂದು ತಾವೇ ಹೇಳುತ್ತಾರೆ. ನನ್ನ ಖಾಲಿ ಜಾಗವೂ ಅವರ ಪರ ಸಾಕ್ಷಿ ನುಡಿಯುತ್ತದೆ. ತಮ್ಮನ ಮೇಲೆ ನನಗೆ ಕನಿಕರ ಬಂದಿರಲಿಲ್ಲ. ಅನ್ನದ ಮೇಲೆ ಮರಳು ಬಿದ್ದರೂ ಬುದ್ಧಿ ಬಾರದವನ ಮೇಲೆ ಹೇಗೆ ಬಂದೀತು. ನೆನಪಾಗುತ್ತಿದ್ದದ್ದು ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ ವೈನಿ. ಆ ಸ್ಲ್ಯಾಬಿನ ಕೆಳಗೆ ಮಲಗಬೇಕಾದವರು ಅವರೂ ಅವರ ಮಗಳೂ. ಮನೆ ತಲುಪುವಷ್ಟರಲ್ಲಿ ಹೋಗಿ ಹೇಳುವುದೆಂದು ತೀರ್ಮಾನಿಸಿದ್ದೆ.

ಹರಿಪುರದ ಕಾಕಾನ ಮನೆ ನದಿಗಳ ಸಂಗಮಕ್ಕೆ ಹತ್ತಿರ. ಮಹಾಪೂರದ ನೀರು ನಿಂತ ಗೆರೆ ಪಡಸಾಲೆಯ ಗೋಡೆಯ ಮೇಲೆ ಎದೆಮಟ್ಟಕ್ಕೆ ಇನ್ನೂ ಕಾಣುತ್ತಿತ್ತು. ಹಿತ್ತಿಲಲ್ಲಿ ಅರಿಷಿಣ ಕುದಿಸುತ್ತಿದ್ದರು; ವಾಸನೆ ಒಳಗೆಲ್ಲ ತುಂಬಿತ್ತು. ಜಮಖಾನೆಯ ಮೇಲೆ ಕಾಕಾ, ಅವರ ಬಲಕ್ಕೆ ಹಿರಿಯ ಸಾಹುಕಾರರು, ಎದುರಿಗೆ ತಮ್ಮ. ವೈನಿ ನಡುಮನೆಯ ಬಾಗಿಲಲ್ಲಿ ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದರು.

"ನೀವೇನು ಹೊಟೇಲ ನೋಡಿದವರು?" ಎಂದರು ಕಾಕಾ. "ಹೇಳ್ರಿ, ಹ್ಯಾಂಗೈತಿ?"

"ಆರು ವರ್ಷ ನಿಂತ್ರ ಹೆಚ್ಚು. ತಗೋಬ್ಯಾಡ್ರಿ ಅಂತ ನಾ ಆಗಲೇ ಇವರಿಗೆ ಹೇಳೇನಿ." ಹಿರಿಯ ಸಾಹುಕಾರರ ಕಡೆ ಕೈ ತೋರಿಸಿದೆ. "ಅದನ್ನ ಹೇಳಿನ ಇವರು ಬೆಲೆ ಅರ್ಧಕ್ಕ ಇಳಿಸ್ಯಾರ. ಈಗ ತಮ್ಮನವರ ಪಾಲಿಗೆ ಪೂರಾ ಬೆಲೆಗೆ ಹಿಡಿಯಾಕತ್ತಾರ. ನಿಮ್ಮ ಮುಂದ ಛಲೋ ಐತಿ ಅನ್ರಿ ಅಂತ ನನಗ ಹೇಳ್ಯಾರ."

ಸಾಹುಕಾರರ ಕಿವಿ ಕೆಂಪಾಯಿತು. "ಸುಳ್ಳು ಕಾಕಾ. ಇವರಿಗೆ ಕ್ಯಾಂಟೀನ್ ಕೆಲಸ ಬೇಕಿತ್ತು, ನಾ ಕೊಡಲಿಲ್ಲ. ಅದರ ಸಿಟ್ಟು," ಎಂದರು. ಎಷ್ಟು ಸಲೀಸಾಗಿ ಹೇಳಿದರೆಂದರೆ ಒಂದು ಕ್ಷಣ ನನಗೇ ನಿಜವೆನ್ನಿಸಿತು.

ಅದಕ್ಕಿಂತ ದೊಡ್ಡ ಆಶ್ಚರ್ಯ ತಮ್ಮನದು. ಅವನು ಸಿಟ್ಟಾದದ್ದು ಅಣ್ಣನ ಮೇಲಲ್ಲ, ನನ್ನ ಮೇಲೆ. "ಸರ್, ನೀವು ಮೊದಲಿಂದನೂ ಮೂಗು ಮುರಕೋತನ ಇದ್ರಿ. ನಿಮಗ ಊಟಾನೂ ಸೇರಲಿಲ್ಲ, ಸಮುದ್ರಾನೂ ಸೇರಲಿಲ್ಲ. ಅಣ್ಣ ಕೊಡಾಕತ್ತಾನ, ನಾ ತಗೋಳಾಕತ್ತೇನಿ. ನಡುವ ನಿಮ್ಮದೇನ್ರಿ?"

ಕಾಕಾ ನನ್ನನ್ನು ನೋಡಿದರು, ಅವರಿಬ್ಬರನ್ನು ನೋಡಿದರು. ಹೊಟೇಲಿನ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ. ನನ್ನ ಮಾತಿಗೆ ಆಧಾರವೂ ಇರಲಿಲ್ಲ. ಅಣ್ಣ ತಮ್ಮ ಇಬ್ಬರೂ ಒಂದೇ ಮಾತಾಡುತ್ತಿರುವಾಗ ಹೊರಗಿನವನನ್ನು ಯಾರು ನಂಬುತ್ತಾರೆ. ಎದ್ದು ಹೋಗಬೇಕೆಂದುಕೊಳ್ಳುವಷ್ಟರಲ್ಲಿ ವೈನಿ ಬಾಗಿಲಿಂದ ಎದ್ದು ಬಂದರು. ಕೈಚೀಲದಿಂದ ಹಳೆಯ ಬಟ್ಟೆಯಲ್ಲಿ ಸುತ್ತಿದ್ದ ಒಂದು ಗಂಟು ತೆಗೆದು ಕಾಕಾನ ಮುಂದೆ ಇಟ್ಟರು. ಆ ದಿನ ತಟ್ಟೆಯ ಪಕ್ಕದಲ್ಲಿ ಬಿದ್ದ ಕಾಂಕ್ರೀಟ್ ತುಂಡು. ಅದನ್ನು ಅವರು ಯಾವಾಗ ಎತ್ತಿಕೊಂಡರೋ ನನಗೆ ಗೊತ್ತೇ ಇರಲಿಲ್ಲ.

"ಪಾಲು ಹ್ಯಾಂಗೂ ಆಗಾಕತ್ತೈತಿ, ಇನ್ನ ಮುಚ್ಚೂದೇನೈತ್ರಿ ಕಾಕಾ? ಇದು ಅಲ್ಲಿ ಸ್ಲ್ಯಾಬಿಂದ ಬಿದ್ದದ್ದು. ನಮ್ಮ ಮುಂದನ ಬಿತ್ತು. ಇವರ ಅನ್ನದ ಮ್ಯಾಲೆ ಮರಳ ಬಿತ್ತು. ಕೇಳ್ರಿ ಇವರನ್ನ."

ಕಾಕಾ ತುಂಡನ್ನು ಎತ್ತಿ ಎರಡೂ ಕೈಯಿಂದ ಹಿಸುಕಿದರು. ಅದು ಬೆಲ್ಲದಂತೆ ಒಡೆದು ಜಮಖಾನೆಯ ಮೇಲೆ ಚೆಲ್ಲಿತು. ಬೆರಳಿಗೆ ಹತ್ತಿದ ತುಕ್ಕನ್ನು ಮೂಸಿ ನೋಡಿದರು, ಧೋತರಕ್ಕೆ ಒರೆಸಿಕೊಂಡರು.

"ಬಿದ್ದಿದ್ದು ಖರೆ ಏನೋ?" ಎಂದು ತಮ್ಮನನ್ನು ಕೇಳಿದರು.

ಅವನು ಹೆಂಡತಿಯ ಮುಖ ನೋಡಿದ. ಆಮೇಲೆ ನೆಲ ನೋಡಿದ. "ಹೂಂ ಕಾಕಾ. ಸಣ್ಣ ತುಂಡ ಬಿತ್ತು."

ಕಾಕಾ ಹಿರಿಯ ಸಾಹುಕಾರರ ಕಡೆ ತಿರುಗಿದರು. "ಈ ಹೊಟೇಲಿಗೆ ನೀ ಹಿಡದದ್ದು ಪೂರಾ ಬೆಲೆ. ಅಷ್ಟು ಬೆಲೆ ಬಾಳ್ತೈತಿ ಅಂತೀ ಹೌದಲ್ಲೋ?"

"ಬಾಳ್ತೈತ್ರಿ."

"ಹಂಗಾದ್ರ ಅದು ನಿನ್ನ ಪಾಲಿಗಿರಲಿ. ಮಿರಜದ ಗೋಡೌನು ಅವನ ಪಾಲಿಗೆ. ಹೊಟೇಲಿನ ಬೆಲೆ ನೀನ ಹೇಳೀದಿ, ಅದರ ಬದ್ಲಿ ಗೋಡೌನು ಅಂದ್ರ ಇಬ್ಬರದೂ ಸಮ ಆತು."

ಸಾಹುಕಾರರು ಬಾಯಿ ತೆರೆದರು. ಹೊಟೇಲು ಅಷ್ಟು ಬಾಳುವುದಿಲ್ಲ ಎಂದರೆ ಸುಳ್ಳು ಹೊರಬೀಳುತ್ತದೆ, ಬಾಳುತ್ತದೆ ಎಂದರೆ ಹೊಟೇಲು ಕೊರಳಿಗೆ ಬೀಳುತ್ತದೆ. ಅವರು ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡರು. ನಾನು ನೋಡಿದ ಹೊಟೇಲುಗಳ ಲೆಕ್ಕದಲ್ಲಿ ಅಷ್ಟು ಸಂತೋಷ ಕೊಟ್ಟ ಘಳಿಗೆ ಇನ್ನೊಂದಿಲ್ಲ. ತಮ್ಮ ಮಾತ್ರ, "ಕಾಕಾ, ನನ್ನ ಹೊಟೇಲ..." ಎಂದು ಗೊಣಗಿದ. ವೈನಿ ಅವನ ತೋಳು ಹಿಡಿದರು.

ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಸಾಹುಕಾರರು ನನ್ನ ಪಕ್ಕ ಬಂದು ನಿಂತರು. "ಸಾಹೇಬ್ರ, ಕುಪವಾಡದಾಗ ನಿಮಗ ಇನ್ನ ಒಂದ ಕಪ್ ಚಹಾನೂ ಸಿಗೂದಿಲ್ಲ," ಎಂದರು, ಮೆಲ್ಲಗೆ, ಬಹಳ ಮರ್ಯಾದೆಯಿಂದ. ಆ ಒಂದು ಮಾತನ್ನು ಮಾತ್ರ ಅವರು ಪೂರ್ತಿ ನಡೆಸಿದರು. ಎಂಐಡಿಸಿಯಿಂದ ನನಗೆ ಮತ್ತೆ ಯಾವ ಕೆಲಸವೂ ಬರಲಿಲ್ಲ. ನಾನು ಕೊಲ್ಹಾಪುರ, ಬೆಳಗಾವಿ ಎಂದು ಬಸ್ಸಿನಲ್ಲಿ ಅಲೆದು ಹೊಟ್ಟೆ ಹೊರೆಯಬೇಕಾಯಿತು. ಅವರ ಹೊಟೇಲು ಎರಡು ಮಳೆಗಾಲ ಬೀಗ ಹಾಕಿಕೊಂಡೇ ಇತ್ತು, ಆಮೇಲೆ ಯಾರಿಗೋ ಮಾರಿದರಂತೆ. ಕೊಂಡವರು ಯಾರೆಂದು ನಾನು ವಿಚಾರಿಸಲಿಲ್ಲ.

ಮಿರಜದ ಗೋಡೌನು ಆಸ್ಪತ್ರೆಗಳ ಬೀದಿಗೆ ಹೊಂದಿಕೊಂಡಿತ್ತು. ಆಪರೇಷನ್ನಿಗೆಂದು ಊರೂರಿಂದ ಬರುವ ರೋಗಿಗಳ ಜೊತೆ ಬಂದವರು ಆಗ ಜಗುಲಿಗಳ ಮೇಲೆ, ಸ್ಟೇಷನ್ನಿನ ಕಟ್ಟೆಯ ಮೇಲೆ ಮಲಗುತ್ತಿದ್ದರು. ವೈನಿ ಗೋಡೌನಿನೊಳಗೆ ಇಟ್ಟಿಗೆಯ ಗೋಡೆ ಎಬ್ಬಿಸಿ ಬಾಡಿಗೆಯ ಕೋಣೆಗಳನ್ನು, ನಮ್ಮವರ ಮಾತಿನಲ್ಲಿ ಖೋಲಿಗಳನ್ನು, ಮಾಡಿಸಿದರು; ಹಿಂದೆ ಒಂದು ಸಾಲು ಒಲೆ, ಬೇಕಾದವರು ತಾವೇ ಬೇಯಿಸಿಕೊಳ್ಳಲಿ ಎಂದು; ಮುಂದೆ ಒಂದು ಖಾನಾವಳಿ. ಬಣ್ಣ, ಬೋರ್ಡು ಗಂಡನ ಪಾಲಿಗೆ ಬಿಟ್ಟಿದ್ದರು. ಗೋಡೆಗೆ ಗಿಳಿಹಸಿರು ಬಳಿಸಿ, ಬೋರ್ಡಿನ ಮೇಲೆ 'ಪಂಜಾಬಿ, ಚೈನೀಸ್, ಕಾಂಟಿನೆಂಟಲ್' ಎಂದು ಬರೆಸಿದ್ದ. ಒಳಗೆ ಸಿಗುತ್ತಿದ್ದದ್ದು ಜೋಳದ ರೊಟ್ಟಿ, ಕಾಳುಪಲ್ಯ, ಅನ್ನ, ಸಾರು. ಕಾಂಟಿನೆಂಟಲ್ ಕೇಳಿಕೊಂಡು ಯಾರೂ ಬರಲಿಲ್ಲವಾದ್ದರಿಂದ ಅದರಿಂದ ತೊಂದರೆಯೂ ಆಗಲಿಲ್ಲ. ನಾನು ದಾರಿಯಲ್ಲಿ ಹೋಗುವಾಗ ಆ ಬೋರ್ಡನ್ನು ಓದಿ ಮುಖ ತಿರುಗಿಸುತ್ತಿದ್ದೆ. ಒಳಗೆ ಹೋಗಿರಲಿಲ್ಲ.

ಹೋದದ್ದು ಜತ್ತ ಕಡೆಯ ನಮ್ಮೂರಿನ ಕಾಕಾ ಒಬ್ಬರು ಮಗನ ಜೊತೆ ಬಂದು ಕಣ್ಣಿನ ಆಪರೇಷನ್ ಮಾಡಿಸಿಕೊಂಡಾಗ. ನನ್ನ ಮನೆಯಲ್ಲಿ ಆಗಲೇ ಬೀಗರು ತುಂಬಿದ್ದರು. ಮಿರಜದಲ್ಲಿ ಎಲ್ಲಿಯೂ ಖೋಲಿ ಸಿಗಲಿಲ್ಲ. ಕೊನೆಗೆ ಅವರನ್ನು ಕರೆದುಕೊಂಡು ಆ ಗಿಳಿಹಸಿರಿನ ಬಾಗಿಲಿಗೆ ಹೋದೆ. ಪ್ಯಾಸೇಜು ಇಕ್ಕಟ್ಟು, ದೀಪ ಸಾಲದು, ಮೆಟ್ಟಿಲಿಗೆ ಹಿಡಿಗಂಬಿ ಇಲ್ಲ. ಒಳಗೆ ಕಾಲಿಡುವಷ್ಟರಲ್ಲೇ ಇವೆಲ್ಲ ಕಣ್ಣಿಗೆ ಬಿದ್ದಿದ್ದವು. ಎಲ್ಲ ಖೋಲಿಗಳಲ್ಲೂ ಜನರಿದ್ದರು. ಒಲೆಗಳ ಸಾಲಿನಲ್ಲಿ ಹೆಂಗಸರು ಕನ್ನಡ, ಮರಾಠಿ ಬೆರೆಸಿ ಮಾತಾಡುತ್ತ ಗಂಜಿ ಕಾಯಿಸುತ್ತಿದ್ದರು.

ವೈನಿ ನನ್ನನ್ನು ಗುರುತಿಸಿದರು. ಹಳೆಯದನ್ನೇನೂ ಎತ್ತಲಿಲ್ಲ. ಕಾಕಾನ ಕಣ್ಣಿನ ಪಟ್ಟಿ ನೋಡಿ ಒಳಗೆ ಹೋದರು. ಕ್ಯಾಶ್ ಕೌಂಟರಿನ ಹಿಂದೆ ತಾವು ಮಲಗುತ್ತಿದ್ದ ಕೋಣೆಯಿಂದ ಹಾಸಿಗೆಯ ಸುರುಳಿಯನ್ನು ಎತ್ತಿಕೊಂಡು ಹೊರಬಂದರು.

"ಖೋಲಿ ಒಂದೂ ಖಾಲಿ ಇಲ್ರಿ ಸರ್. ಕಾಕಾ ಇಲ್ಲಿ ಮಲಗ್ಲಿ, ನಾವು ಮ್ಯಾಲೆ ಮಲಗ್ತೇವಿ. ನೀವು ಕುಂದ್ರಿ, ಊಟ ಮಾಡಿ ಹೋಗ್ರಿ."

ತಮ್ಮ ಬಂದು ನನ್ನ ಮುಂದೆ ತಟ್ಟೆ ಇಟ್ಟ. ಅವನಿಗೆ ನನ್ನ ಮೇಲೆ ಇನ್ನೂ ಸಿಟ್ಟಿತ್ತು. ರೊಟ್ಟಿಯ ಅಂಚು ಸೀದಿತ್ತು, ಪಲ್ಯದ ಕಾಳು ಒಂದೆರಡು ಗಟ್ಟಿ ಇದ್ದವು. ನಾನು ಉಂಡು, ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.